ಜರಡಿ

ಎಡಪಕ್ಕೆಯ ಹಿಂದೆ, ಕೊನೆಯ ಎಲುಬಿನ ಕೆಳಗೆ
ಹೆಬ್ಬೆರಳಗಲದ ಜಾಗ.
ಅಲ್ಲಿಂದ ಶುರು.
ನಸುಕಿನ ಮೂರೂಕಾಲಿಗೆ
ಯಾರೋ ಒಳಗೆ ಕೂತು ಒದ್ದೆ ಬಟ್ಟೆ ಹಿಂಡಿದ ಹಾಗೆ.
ತೊಡೆಸಂದಿಯವರೆಗೆ ಇಳಿದು, ನಿಂತು,
ಮತ್ತೆ ಹಿಂಡುತ್ತದೆ.

ನಾನು ವಾರ್ಸೆನಿಕ್. ಯೆರೆವಾನಿನಲ್ಲಿ ಟ್ರಾಲಿಬಸ್ ಓಡಿಸುತ್ತೇನೆ,
ಹತ್ತೊಂಬತ್ತು ವರ್ಷವಾಯಿತು.
ನೋವಿಗೆ ಎರಡು ವರ್ಷ, ಮೇಲೆ ನಾಲ್ಕು ತಿಂಗಳು.

ಮೊದಲ ಸ್ಕ್ಯಾನಿನ ಹುಡುಗಿ ತಣ್ಣನೆಯ ಜೆಲ್ ಸವರಿ
ಪರದೆ ನೋಡುತ್ತ ಚೂಯಿಂಗ್ ಗಮ್ ಅಗಿದಳು:
"ಏನೂ ಇಲ್ಲ."
ಎರಡನೆಯ ಕಡೆ: "ಮರಳಿರಬಹುದು."
ಮೂರನೆಯವರು, ಡಾಕ್ಟರ್ ನಾಜೆಲಿ, ಕನ್ನಡಕ ತೆಗೆದು,
"ಬೆನ್ನುಮೂಳೆ ಇರಬಹುದು, ಮನಸ್ಸೂ ಇರಬಹುದು.
ಗಂಡ ಹೋಗಿ ಎಷ್ಟು ದಿನವಾಯಿತಮ್ಮ?"
ಗಂಡ ಹೋಗಿಲ್ಲ. ಹೊರಗೆ ಬೆಂಚಿನ ಮೇಲೆ
ನನ್ನ ಕೋಟು ಹಿಡಿದು ಕೂತಿದ್ದಾನೆ.

ಉಚ್ಚೆಯಲ್ಲಿ ಒಂದಿಷ್ಟು ರಕ್ತ,
ಅದು "ಲೆಕ್ಕಕ್ಕಿಲ್ಲ".
ಯಾರ ಲೆಕ್ಕಕ್ಕೆ ಎಂದು ಕೇಳಲಿಲ್ಲ.
ಕೇಳಬೇಕಿತ್ತು.

"ನೀರು ಕುಡಿಯುತ್ತೀರಾ?" ಇದೊಂದನ್ನು ಮೂವರೂ ಕೇಳಿದರು.
ನಗು ಬಂತು. ನಮ್ಮೂರಿನಲ್ಲಿ
ಮೂಲೆಗೊಂದು ಕಲ್ಲಿನ ಕಂಬ, ಅದರ ನೆತ್ತಿಯಲ್ಲಿ
ಸುಮ್ಮಸುಮ್ಮನೆ ಉಕ್ಕುವ ತಣ್ಣೀರು.
ಪುಲ್ಪುಲಾಕ್ ಅನ್ನುತ್ತೇವೆ; ಹೆಸರಲ್ಲೇ ನೀರಿನ ಸದ್ದು.
ದಿನಕ್ಕೆ ಇಂಥ ಇಪ್ಪತ್ತಾರು ಚಿಲುಮೆ ದಾಟುತ್ತೇನೆ,
ಗಾಜಿನೊಳಗಿಂದ.
ಮಕ್ಕಳು ಬಗ್ಗಿ ಕುಡಿಯುತ್ತಾರೆ, ನಾಯಿಗಳು ಸರದಿ ಕಾಯುತ್ತವೆ.
ಕುಡಿದರೆ ಹೋಗಬೇಕು. ಹೋಗಲು
ಕೊನೆಯ ನಿಲ್ದಾಣದಲ್ಲಿ ಒಂದೇ ಕಕ್ಕಸು,
ಅದರ ಬೀಗದ ಕೈ ಗಂಡಸರ ಜೇಬಿನಲ್ಲಿ.
ಹೀಗೆ ನಾಲಿಗೆ ಒಣಗಿಸಿಕೊಂಡೇ
ಊರನ್ನು ಅತ್ತಿಂದಿತ್ತ ಸಾಗಿಸಿದೆ.
ಇದನ್ನೆಲ್ಲ ಹೇಳಿದೆ. ನಾಜೆಲಿ ಬರೆದುಕೊಂಡರು,
ಆಮೇಲೆ ಗೀಟು ಹಾಕಿದರು ಅನ್ನಿಸಿತು. ಗೊತ್ತಿಲ್ಲ.

ಅತ್ತೆ ಶೋಘಕಾತ್ ಜೋಳದ ತೆನೆಯ ಕೂದಲು ಕುದಿಸಿ ಕೊಡುತ್ತಾಳೆ.
ದೇವರು ಭೂಮಿ ಮಾಡುವಾಗ ಮಣ್ಣನ್ನು ಜರಡಿ ಹಿಡಿದನಂತೆ;
ನುಣ್ಣನೆಯದೆಲ್ಲ ಪರರ ನಾಡಿಗೆ ಉದುರಿ
ಉಳಿದ ಕಲ್ಲನ್ನು ಇಲ್ಲಿ ಕೊಡವಿದನಂತೆ.
"ಆರ್ಮೇನಿಯಾದವಳ ಹೊಟ್ಟೆಯಲ್ಲಿ ಕಲ್ಲಿರದೆ
ಹತ್ತಿ ಇರುತ್ತದೇನೇ?"

ಈಗ ನನ್ನ ಕೈಯಲ್ಲೂ ಒಂದು ಜರಡಿ.
ಟೀ ಸೋಸುವುದು; ಹಿಡಿಗೆ ಕೆಂಪು ದಾರ ಕಟ್ಟಿದ್ದೇನೆ,
ಯಾರೂ ಮರೆತು ಟೀ ಸೋಸದಿರಲೆಂದು.
ಪ್ರತಿ ಸಲವೂ ದೀಪದ ಕೆಳಗೆ ಹಿಡಿದು ನೋಡುತ್ತೇನೆ.

ಹೀಗೆ ಹಿಂದೊಮ್ಮೆ ಹುಡುಕಿದ್ದುಂಟು.
ಮದುವೆಯ ಮರುವರ್ಷ ಉಂಗುರದ ಹರಳು ಕಳಚಿ ಬಿದ್ದಾಗ
ನಾನೂ ಹ್ಮಾಯಕನೂ ಮೊಣಕಾಲೂರಿ
ಗುಡಿಸಿದ ಕಸವನ್ನು, ಹಿಟ್ಟಿನ ಡಬ್ಬವನ್ನು,
ಬೆಕ್ಕಿನ ಹಾಸಿಗೆಯನ್ನೂ ಜಾಲಿಸಿದ್ದೆವು.
ಸಿಗಲಿಲ್ಲ.
ಉಂಗುರ ಇನ್ನೂ ಬೆರಳಲ್ಲಿದೆ, ನಾಲ್ಕು ಹಲ್ಲು ಮೇಲೆತ್ತಿ,
ಏನನ್ನೂ ಕಚ್ಚದೆ.
ಆ ಹರಳು ನಿನ್ನ ಭ್ರಮೆ ಎಂದು
ಆಗ ಯಾರೂ ಅನ್ನಲಿಲ್ಲ.

ಎಂಥ ಹರಕೆ ಇದು:
ಕಲ್ಲಿರಲಿ, ದೇವರೇ. ಸಾಸಿವೆಯಷ್ಟಾದರೂ ಇರಲಿ,
ಮುಳ್ಳುಮುಳ್ಳಾಗಿದ್ದರೂ ಸರಿಯೇ.
ಔಷಧದ ಶೀಶೆಗೆ ಹಾಕಿ ಆ ಮೇಜಿನ ಮೇಲಿಟ್ಟು
"ಇದು" ಎನ್ನಬೇಕು.
ಅಷ್ಟೇ.

ನಿನ್ನೆ ಮತ್ತೆ ಮೂರೂಕಾಲು.
ಹ್ಮಾಯಕ್ ದೀಪ ಹಾಕದೆ ಎದ್ದು ಕೂತ.
"ಇಲ್ಲಾ?"
"ಇನ್ನೂ ಕೆಳಗೆ."
"ಇಲ್ಲಿ."
ಅಲ್ಲಿಯೇ. ಯಂತ್ರಗಳಿಗೆ ಕಾಣದ ಜಾಗ
ಅವನ ಅಂಗೈಗೆ ಬಾಯಿಪಾಠ.

ಬೆಳಿಗ್ಗೆ ಮೊದಲ ಟ್ರಿಪ್ಪು. ಮೂರನೇ ನಿಲ್ದಾಣದಲ್ಲಿ
ಬ್ರೇಕು ಹಾಕಿ, ಬಾಗಿಲು ತೆರೆದು, ಇಳಿದೆ.
ಹಿಂದೆ ಯಾರೋ ಗೊಣಗಿದರು, ಗಡಿಯಾರ ನೋಡಿದರು.
ಚಿಲುಮೆಗೆ ಬಗ್ಗಿದೆ; ನೋವೂ ನನ್ನ ಜೊತೆ ಬಗ್ಗಿತು.
ಹಲ್ಲು ಜುಮ್ಮೆನ್ನುವವರೆಗೆ ಕುಡಿದೆ.
ಕಾಯಲಿ.